ಹಳೆ ಕಾರಿನ ಬಿಡಿಭಾಗ, ಆನ್‌ಲೈನ್ ಹರಾಜು ಮತ್ತು ಹಲಾಲ್ ಗಳಿಕೆ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಆದರೆ ಆ ಕಾರುಗಳನ್ನು ಜೋಪಾನ ಮಾಡಿಕೊಂಡು ಬಂದವರು ಈಗಲೂ ಇದ್ದಾರೆ. ಅವರಿಗೆ ಕಾರ್ಬುರೇಟರೋ ಹೆಡ್‌ಲೈಟಿನ ರಿಮ್ಮೋ ಬೇಕಾದರೆ ಹಳೆಯದನ್ನೇ ಹುಡುಕಬೇಕು. ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರು ಕಂಟೋನ್ಮೆಂಟ್‌ನಲ್ಲಿ ಇಳಿದರೆ ಶಿವಾಜಿನಗರದ ಗುಜರಿ ಹತ್ತಿರ. ಅಲ್ಲಿ ಚೌಕಾಸಿ ಮಾಡಿ ತಂದ ಭಾಗವನ್ನು ತೊಳೆದು, ಫೋಟೋ ತೆಗೆದು ಆನ್‌ಲೈನ್ ಹರಾಜಿಗಿಟ್ಟರೆ ದೂರದ ಊರಿನವರೂ ಬೆಲೆ ಕೂಗುತ್ತಾರೆ. ಸಣ್ಣ ಬಂಡವಾಳದ ಈ ದುಡಿಮೆ ಹಲಾಲ್ ಆಗಿರಬೇಕಾದರೆ ಕೆಲವು ವಿಷಯಗಳನ್ನು ತಿಳಿದಿರಬೇಕು.

ಹರಾಜು ನಿಷಿದ್ಧವಲ್ಲ. ಬಡತನದಲ್ಲಿದ್ದ ಅನ್ಸಾರಿಯೊಬ್ಬರ ಮನೆಯ ಹಳೆ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿ(ಸ)ರವರೇ ಹರಾಜು ಹಾಕಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಪ್ರವಾದಿ(ಸ) ಕೇಳಿದಾಗ ಇನ್ನೊಬ್ಬರು ಎರಡು ದಿರ್ಹಮ್ ಕೊಟ್ಟು ಪಡೆದರು. ಅನಸ್(ರ) ವರದಿ ಮಾಡಿದ ಈ ಹದೀಸ್ ಅಬೂದಾವೂದ್‌ನಲ್ಲಿದೆ.

ಇನ್ನೊಮ್ಮೆ ಮಾರುಕಟ್ಟೆಯಲ್ಲಿ ಪ್ರವಾದಿ(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬೇಕಿತ್ತು, ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು (ಮುಸ್ಲಿಮ್). ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವನ ಕೈ ರಾಶಿಯವರೆಗೆ ತಲುಪುವುದೇ ಇಲ್ಲ. ಅವನಿಗೆ ಕಾಣುವುದು ನಾವು ತೋರಿಸಿದ ಫೋಟೋ ಮಾತ್ರ. ಆದ್ದರಿಂದ ತೇವವನ್ನು ಮೇಲೆ ತರುವ ಹೊಣೆ ಪೂರ್ತಿ ಮಾರುವವನದು.

ಸಿಲಿಂಡರ್ ಹೆಡ್‌ನಲ್ಲಿ ಬಿರುಕಿದ್ದರೆ ಅದನ್ನೇ ಹತ್ತಿರದಿಂದ ಫೋಟೋ ತೆಗೆಯಿರಿ. ಬಂಪರ್‌ಗೆ ವೆಲ್ಡಿಂಗ್ ಆಗಿದ್ದರೆ, ಪಾಲಿಶ್ ಅಡಿಯಲ್ಲಿ ತುಕ್ಕಿದ್ದರೆ ಬರೆಯಿರಿ. ಕಂಪನಿಯ ಮೂಲ ಭಾಗವೋ ನಕಲೋ ತಿಳಿಸಿ. ಡೈನಮೋ ಓಡಿಸಿ ನೋಡಿಲ್ಲದಿದ್ದರೆ ನೋಡಿಲ್ಲವೆಂದೇ ಹೇಳಿ. 'ಇದ್ದ ಹಾಗೆ ಮಾರಾಟ' ಎಂಬ ಒಂದು ಸಾಲು, ಗೊತ್ತಿರುವ ದೋಷಕ್ಕೆ ಮುಸುಕಾಗಬಾರದು.

ದೋಷ ಹೇಳಿದರೆ ಯಾರು ಕೊಳ್ಳುತ್ತಾರೆ ಎಂಬ ಭಯ ಬೇಡ. ಅಮೆರಿಕದ ಇ-ಬೇ ಹರಾಜು ತಾಣ 1995ರಲ್ಲಿ ಶುರುವಾದಾಗ ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್. ಕೆಟ್ಟಿದೆ ಎಂದು ತಿಳಿದೇ ಒಬ್ಬರು 14.83 ಡಾಲರ್ ಕೊಟ್ಟರು. ಅಂಥವನ್ನು ಸಂಗ್ರಹಿಸುವುದು ಅವರ ಹವ್ಯಾಸವಾಗಿತ್ತು. ಬಿರುಕುಬಿಟ್ಟ ಭಾಗವನ್ನು ರಿಪೇರಿ ಮಾಡಿ ಬಳಸುವ ಮೆಕ್ಯಾನಿಕ್‌ಗಳೂ ಇದ್ದಾರೆ.

ಎರಡನೆಯದು, ಕಳ್ಳ ಸವಾಲು. ಗೆಳೆಯನಿಂದಲೋ ಇನ್ನೊಂದು ಖಾತೆಯಿಂದಲೋ ಸುಳ್ಳೇ ಬೆಲೆ ಏರಿಸುವುದನ್ನು ಹದೀಸ್‌ನಲ್ಲಿ 'ನಜಶ್' ಎನ್ನಲಾಗಿದೆ. ಪ್ರವಾದಿ(ಸ) ಇದನ್ನು ನಿಷೇಧಿಸಿದ್ದಾರೆ. ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರವೂ, ಮಾರುವವನು ಹೀಗೆ ಬೆಲೆ ಏರಿಸಿದರೆ ಕೊಂಡವನು ಆ ವ್ಯಾಪಾರವನ್ನು ರದ್ದುಪಡಿಸಬಹುದು.

ಮೂರನೆಯದು, ನಮ್ಮ ಕೈಯಲ್ಲಿಲ್ಲದ್ದನ್ನು ಮಾರಬಾರದೆಂದು ಹಕೀಮ್ ಬಿನ್ ಹಿಝಾಮ್(ರ)ರಿಗೆ ಪ್ರವಾದಿ(ಸ) ಹೇಳಿದ್ದರು. ಗುಜರಿ ಅಂಗಡಿಯಲ್ಲಿರುವಾಗಲೇ ಫೋಟೋ ತೆಗೆದು ಹರಾಜಿಗಿಡಬೇಡಿ. ಕೊಂಡು, ಕೈಗೆ ಬಂದ ಮೇಲೆ ಇಡಿ. ಕೊಳ್ಳುವಾಗ ರಸೀದಿ ಕೇಳಿ, ಯಾವ ಗಾಡಿಯದೆಂದು ವಿಚಾರಿಸಿ. ಕದ್ದ ಮಾಲೆಂದು ಅನುಮಾನ ಬಂದರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಮಾರುವವರೂ ಕೊಳ್ಳುವವರೂ ಸತ್ಯ ಹೇಳಿ ದೋಷವನ್ನು ತಿಳಿಸಿದರೆ ಅವರ ವ್ಯಾಪಾರದಲ್ಲಿ ಬರಕತ್ ಇದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂಬುದು ಬುಖಾರಿ, ಮುಸ್ಲಿಮ್ ಹದೀಸ್‌ನ ಸಾರ. ಅಲ್ಲಾಹನು ನಮ್ಮ ಮಕ್ಕಳ ದುಡಿಮೆಯಲ್ಲಿ ಆ ಬರಕತ್ ಕರುಣಿಸಲಿ. ಆಮೀನ್.