ಮೆಕ್ಸಿಕೊ ಕಾರ್ಮಿಕರ ಮನೆ ನಿಧಿ
ಕಾರ್ಮಿಕರಿಗೆ ಮನೆ ಒದಗಿಸುವುದು ಮಾಲೀಕರ ಹೊಣೆ ಅಂತ ಮೆಕ್ಸಿಕೊ 1917ರ ಸಂವಿಧಾನದಲ್ಲೇ ಬರೆದಿತ್ತು. ಬಹುಕಾಲ ಆ ಮಾತು ಹೆಚ್ಚಾಗಿ ಕಾಗದದಲ್ಲೇ ಉಳಿಯಿತು. 1972ರಲ್ಲಿ ಸರ್ಕಾರ, ಕಾರ್ಮಿಕ ಸಂಘಗಳು, ಮಾಲೀಕರು ಮೂವರೂ ಸೇರಿ ನಡೆಸುವ ಸಂಸ್ಥೆ ಹುಟ್ಟಿತು: ಇನ್ಫೊನಾವಿಟ್.

ಪ್ರತಿ ಕಾರ್ಮಿಕರ ಸಂಬಳದ ಶೇ. 5ರಷ್ಟು ಹಣವನ್ನು ಮಾಲೀಕರೇ ತಮ್ಮ ಕೈಯಿಂದ ಕಟ್ಟಬೇಕು. ಆ ನಿಧಿಯಿಂದ ಮನೆ ಸಾಲ. ಕಂತು ಸಂಬಳದಲ್ಲೇ ಕಡಿತ. ಬ್ಯಾಂಕುಗಳು ಸಾಲ ಕೊಡದ ಲಕ್ಷಾಂತರ ಕುಟುಂಬಗಳಿಗೆ ಸ್ವಂತ ಸೂರು ಸಿಕ್ಕಿತು. ನಿಜಕ್ಕೂ ದೊಡ್ಡ ಸಾಧನೆ.

ಆದರೆ 2000ದ ನಂತರ ಬಿಲ್ಡರುಗಳು ಅಗ್ಗದ ಜಾಗ ಹುಡುಕಿ ಊರಾಚೆ ಸಾಲುಸಾಲು ಮನೆ ಕಟ್ಟಿದರು. ಕೆಲಸಕ್ಕೆ ಹೋಗಿಬರಲೇ ಗಂಟೆಗಟ್ಟಲೆ. ಎಷ್ಟೋ ಜನ ಮನೆ ಬಿಟ್ಟೇ ಹೊರಟರು. ಹಣ ಕೂಡಿಸುವಲ್ಲಿ ಗೆದ್ದ ಯೋಜನೆ ಜಾಗ ಆರಿಸುವಲ್ಲಿ ಸೋತಿತು.

ನಿಮ್ಮೂರಿಗೆ ವಸತಿ ಯೋಜನೆ ಬಂದರೆ, ಬೆಲೆಗಿಂತ ಮೊದಲು ಬಸ್ ಸ್ಟಾಪ್ ಎಷ್ಟು ದೂರ ಅಂತ ಕೇಳಿ.