ಹೊಲದಿಂದ ಹೊಲಿಗೆಗೆ: ಮಹಿಳಾ ಕಾರ್ಮಿಕರ ತೂಕವೂ ನಮ್ಮ ಕಾರ್ಖಾನೆಗಳೂ

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅಥವಾ ಅಪೆರಲ್ ಪಾರ್ಕಿನಲ್ಲಿ ಬೆಳಗಿನ ಪಾಳಿ ಆರಂಭವಾಗುವ ಸಮಯಕ್ಕೆ ಹಳ್ಳಿಗಳ ಕಡೆಯಿಂದ ಬಂದು ನಿಲ್ಲುವ ವ್ಯಾನುಗಳಿಂದ ಇಳಿಯುವವರಲ್ಲಿ ಬಹುಪಾಲು ಮಹಿಳೆಯರು. ದೇವನಹಳ್ಳಿ ಸೀಮೆಯಲ್ಲಿ 2025ರಲ್ಲಿ ಐಫೋನ್ ತಯಾರಿಕೆ ಆರಂಭಿಸಿದ ಫಾಕ್ಸ್‌ಕಾನ್ ಘಟಕದಲ್ಲಿಯೂ ಯುವತಿಯರದೇ ದೊಡ್ಡ ಸಂಖ್ಯೆ. ಇವರಲ್ಲಿ ಅನೇಕರ ತಾಯಂದಿರು ರಾಗಿ ಹೊಲದಲ್ಲಿ ಕಳೆ ಕಿತ್ತವರು, ಹುಲ್ಲಿನ ಹೊರೆ ಹೊತ್ತವರು, ಇಲ್ಲವೇ ಮಗ್ಗದ ಮನೆಯಲ್ಲಿ ದಿನವಿಡೀ ನಿಂತು ಓಡಾಡಿದವರು. ಹೆಣ್ಣುಮಕ್ಕಳು ಯಂತ್ರದ ಮುಂದೆ ಎಂಟು ಗಂಟೆ ಕುಳಿತು ದುಡಿಯುವವರು. ಒಂದೇ ತಲೆಮಾರಿನಲ್ಲಿ ಆದ ಈ ಬದಲಾವಣೆಯಿಂದ ಕುಟುಂಬಗಳಿಗೆ ತಿಂಗಳ ಸಂಬಳ ಬಂದಿದೆ, ನಮ್ಮ ಉದ್ದಿಮೆಗಳಿಗೆ ಕೆಲಸಗಾರರು ದೊರೆತಿದ್ದಾರೆ. ಅದರ ಜೊತೆಯಲ್ಲಿಯೇ ಬಂದಿರುವ ಇನ್ನೊಂದು ಪರಿಣಾಮವನ್ನು ಕುರಿತು ನಮ್ಮ ಸಭೆಗಳಲ್ಲಿ ಪ್ರಸ್ತಾಪವಾಗುವುದು ಅಪರೂಪ. ಅದು ದೇಹದ ತೂಕ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015-16) ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇಕಡಾ 23.3ರಷ್ಟು ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇತ್ತು. ಐದನೆಯ ಸುತ್ತಿನ ಹೊತ್ತಿಗೆ (2019-20) ಅದು ಶೇಕಡಾ 30.1ಕ್ಕೆ ಏರಿತು. ಅದೇ ಅವಧಿಯಲ್ಲಿ ರಕ್ತಹೀನತೆಯಿಂದ ಬಳಲುವ ಮಹಿಳೆಯರ ಪ್ರಮಾಣವೂ ಶೇಕಡಾ 44.8ರಿಂದ 47.8ಕ್ಕೆ ಹೆಚ್ಚಿತು. ತೂಕ ಏರಿದೆ, ರಕ್ತ ಏರಿಲ್ಲ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡದವರು ಕೊಡುವ ಸಲಹೆ ಒಂದೇ: ಊಟ ಬಿಡಿ. ಅದು ತಪ್ಪು ಸಲಹೆ. ನಮ್ಮ ಹೆಣ್ಣುಮಕ್ಕಳಲ್ಲಿ ಹಲವರು ಅಗತ್ಯಕ್ಕಿಂತ ಹೆಚ್ಚು ಶಕ್ತಿಯನ್ನೂ ಅಗತ್ಯಕ್ಕಿಂತ ಕಡಿಮೆ ಪೌಷ್ಟಿಕಾಂಶವನ್ನೂ ಏಕಕಾಲದಲ್ಲಿ ತಿನ್ನುತ್ತಿದ್ದಾರೆ.

ಸಮೀಕ್ಷೆಯು ದೇಹ ತೂಕ ಸೂಚ್ಯಂಕ 25ನ್ನು ಗಡಿಯಾಗಿ ಇಟ್ಟುಕೊಂಡಿದೆ. ಭಾರತೀಯರಲ್ಲಿ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲಿಯೇ ಕಾಣಿಸಿಕೊಳ್ಳುವುದರಿಂದ ನಮ್ಮ ವೈದ್ಯರು 23ನ್ನೇ ಎಚ್ಚರಿಕೆಯ ಗಡಿಯೆಂದು ಪರಿಗಣಿಸುತ್ತಾರೆ. ಐದಡಿ ಎತ್ತರದ ಮಹಿಳೆಗೆ ಇದು ಸುಮಾರು 53 ಕೆ.ಜಿ. ಇದಕ್ಕಿಂತ ಸುಲಭವಾದ ಅಳತೆ ಸೊಂಟದ ಸುತ್ತಳತೆ. ಮಹಿಳೆಯರಲ್ಲಿ ಅದು 80 ಸೆಂ.ಮೀ. ಮೀರಬಾರದು. ಅಳತೆಯ ಟೇಪು ಎಲ್ಲ ಗಾರ್ಮೆಂಟ್ ಕಾರ್ಖಾನೆಗಳಲ್ಲಿಯೂ ಕೈಗೆಟಕುವಲ್ಲೇ ಇರುತ್ತದೆ.

ಒಂದೂವರೆ ಮುದ್ದೆಯ ಲೆಕ್ಕ

ವ್ಯಾಪಾರಸ್ಥರಾದ ನಮಗೆ ಜಮಾ-ಖರ್ಚು ಹೊಸದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಕೋಷ್ಟಕದ ಪ್ರಕಾರ 55 ಕೆ.ಜಿ. ತೂಕದ ಮಹಿಳೆ ಮಧ್ಯಮ ಶ್ರಮದ ಕೆಲಸ ಮಾಡುವುದಾದರೆ ದಿನಕ್ಕೆ 2,130 ಕಿಲೋ ಕ್ಯಾಲೊರಿ ಬೇಕು. ಕುಳಿತು ಮಾಡುವ ಕೆಲಸವಾದರೆ 1,660 ಸಾಕು. ಯಾವ ಕಸುಬು ಯಾವ ವರ್ಗಕ್ಕೆ ಸೇರುತ್ತದೆ ಎಂಬುದಕ್ಕೆ ಪೋಷಣಾ ತಜ್ಞರು ಬಹುಕಾಲದಿಂದ ಅನುಸರಿಸಿಕೊಂಡು ಬಂದಿರುವ ಒಂದು ಪಟ್ಟಿಯಿದೆ. ಅದರಲ್ಲಿ ಕೃಷಿ ಕೂಲಿಯವರು ಮತ್ತು ನೇಕಾರರು ಮಧ್ಯಮ ಶ್ರಮದವರು. ದರ್ಜಿಗಳು ಕುಳಿತು ಕೆಲಸ ಮಾಡುವವರು. ಮಗ್ಗದ ಊರಾದ ದೊಡ್ಡಬಳ್ಳಾಪುರವು ಸಿದ್ಧ ಉಡುಪಿನ ಊರೂ ಆದದ್ದು ಈ ಪಟ್ಟಿಯ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಳಿದಂತೆ.

ವ್ಯತ್ಯಾಸ 470 ಕಿಲೋ ಕ್ಯಾಲೊರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಇರುತ್ತದೆ. ಅಂದರೆ ನೂರು ಗ್ರಾಂ ಹಿಟ್ಟಿನಲ್ಲಿ ಕಟ್ಟಿದ ಒಂದೂವರೆ ಮುದ್ದೆ ತಾಯಿಗೆ ಬೇಕಾಗಿತ್ತು, ಮಗಳಿಗೆ ಬೇಕಿಲ್ಲ. ಆದರೆ ಮುದ್ದೆ ಕಟ್ಟುವ ಕೈ ಅದೇ, ಅನ್ನ ಬಡಿಸುವ ಸೌಟು ಅದೇ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟನೆಂಬ ಗಾದೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಈಗ ಹಿಟ್ಟು ತಿಂದವರಿಗೆ ಕೀಳಲು ಬೆಟ್ಟವಿಲ್ಲ.

ಇದರಿಂದ ರಾಗಿಯೇ ತಪ್ಪಿತಸ್ಥ ಎಂದು ಯಾರೂ ಭಾವಿಸಬಾರದು. ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂನಷ್ಟು ನಾರಿನಂಶವಿದ್ದರೆ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶದಲ್ಲಂತೂ ಎರಡಕ್ಕೂ ಹೋಲಿಕೆಯೇ ಸಲ್ಲದು. ನಾರು ಹೊಟ್ಟೆ ತುಂಬಿದ ಭಾವನೆ ಕೊಡುತ್ತದೆ, ಬೇಗ ಹಸಿವಾಗಗೊಡುವುದಿಲ್ಲ. ಆದರೆ ಶಕ್ತಿಯ ಲೆಕ್ಕದಲ್ಲಿ ರಾಗಿಗೂ ಅಕ್ಕಿಗೂ ಹೆಚ್ಚು ಅಂತರವಿಲ್ಲ. ಆದುದರಿಂದ ‘ರಾಗಿ ತಿಂದರೆ ತೂಕ ಇಳಿಯುತ್ತದೆ’ ಎಂಬ ಜಾಹೀರಾತಿನ ಮಾತು ಅರ್ಧಸತ್ಯ. ಚಿಕ್ಕ ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು, ಅವರೆ ಅಥವಾ ಹುರುಳಿ ಕಾಳು, ಒಂದು ಮೊಟ್ಟೆ, ಒಂದು ಲೋಟ ಮಜ್ಜಿಗೆ: ಇಷ್ಟಾದರೆ ಪೂರ್ಣಸತ್ಯ. ಇವೆಲ್ಲವೂ ನಮ್ಮ ನಾಲ್ಕು ತಾಲ್ಲೂಕುಗಳ ಹೊಲ, ಹಟ್ಟಿ, ಸಂತೆಗಳಲ್ಲಿಯೇ ದೊರೆಯುವಂಥವು.

ಲೆಕ್ಕಕ್ಕೆ ಸಿಗದ ತಿನಿಸು

ತಟ್ಟೆಯಲ್ಲಿ ಬಡಿಸಿದ್ದು ಕಣ್ಣಿಗೆ ಕಾಣುತ್ತದೆ. ಕಾಣದೆ ಹೊಟ್ಟೆ ಸೇರುವುದು ಚಹಾ, ಎಣ್ಣೆ ಮತ್ತು ಬೇಕರಿ. ಎರಡು ಚಮಚ ಸಕ್ಕರೆ ಹಾಕಿದ ಚಹಾ ದಿನಕ್ಕೆ ಐದು ಸಲವೆಂದರೆ 50 ಗ್ರಾಂ ಸಕ್ಕರೆ, 200 ಕಿಲೋ ಕ್ಯಾಲೊರಿ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಎಣ್ಣೆಯ ಲೆಕ್ಕವನ್ನು ದಿನಸಿ ಚೀಟಿಯಲ್ಲಿಯೇ ಹಾಕಬಹುದು. ನಾಲ್ವರ ಕುಟುಂಬ ತಿಂಗಳಿಗೆ ನಾಲ್ಕು ಲೀಟರ್ ಕೊಂಡರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕಿಲೋ ಕ್ಯಾಲೊರಿ. ಕುಳಿತು ಕೆಲಸ ಮಾಡುವ ಮಹಿಳೆಗೆ 20 ಗ್ರಾಂ ಸಾಕೆಂದು ಪೋಷಣಾ ಸಂಸ್ಥೆ 2011ರ ಮಾರ್ಗಸೂಚಿಯಲ್ಲಿ ಹೇಳಿತ್ತು. ಮೂರು ಲೀಟರಿಗೆ ಇಳಿಸಿದರೆ ಆ ಮಿತಿಯ ಸಮೀಪಕ್ಕೆ ಬರುತ್ತೇವೆ. ಅಡುಗೆಯ ರುಚಿ ಕೆಡುವುದಿಲ್ಲ, ಖರ್ಚೂ ತಗ್ಗುತ್ತದೆ.

ಸಂಜೆಯ ಓ.ಟಿ. ವೇಳೆಯಲ್ಲಿ ಪಕ್ಕದ ಬೇಕರಿಯಿಂದ ಬನ್ನು, ಪಫ್, ಬೋಂಡ ತರಿಸಿಕೊಡುವ ಪದ್ಧತಿ ನಮ್ಮ ಬಹುತೇಕ ಸಣ್ಣ ಘಟಕಗಳಲ್ಲಿದೆ. ಮಾಲೀಕರದು ಒಳ್ಳೆಯ ಉದ್ದೇಶವೇ. ಅದೇ ಹಣಕ್ಕೆ ಬೇಯಿಸಿದ ಕಡಲೆಕಾಯಿ, ಹೆಸರುಕಾಳಿನ ಉಸಲಿ, ಬಾಳೆಹಣ್ಣು ಬರಬಹುದು. ಇನ್ನು ವಾರಕ್ಕೊಮ್ಮೆ ಒಪ್ಪತ್ತು ಮಾಡುವ ಹೆಂಗಸರು ಆ ದಿನ ಅನ್ನ ಬಿಟ್ಟು ಎಣ್ಣೆಯಲ್ಲಿ ಮಿಂದ ಅವಲಕ್ಕಿ, ಉಪ್ಪಿಟ್ಟು, ಸಿಹಿ ಸೇವಿಸುವುದುಂಟು. ವ್ರತದ ಫಲ ದೊರೆಯುವುದು ನಿಶ್ಚಯ. ತೂಕದ ಫಲ ಸಂಶಯ.

ಎಷ್ಟು ಇಳಿಸಬೇಕು, ಹೇಗೆ ಇಳಿಸಬೇಕು

ದಿನದ ಆಹಾರದಲ್ಲಿ 500 ಕಿಲೋ ಕ್ಯಾಲೊರಿ ತಗ್ಗಿಸಿದರೆ ಮೊದಮೊದಲು ವಾರಕ್ಕೆ ಅರ್ಧ ಕೆ.ಜಿ.ಯಷ್ಟು ಇಳಿಯುತ್ತದೆ, ಆಮೇಲೆ ವೇಗ ಕುಂದುತ್ತದೆ. ಚಿಕ್ಕ ಮೈಯ ಹೆಂಗಸಿಗೆ ಇಷ್ಟೂ ಹೆಚ್ಚಾದೀತು. ವೈದ್ಯರ ನಿಗಾ ಇಲ್ಲದೆ ದಿನದ ಒಟ್ಟು ಆಹಾರ 1,200ಕ್ಕಿಂತ ಕೆಳಗೆ ಹೋಗಬಾರದು. ಹದಿನೈದು ದಿನದಲ್ಲಿ ಹತ್ತು ಕೆ.ಜಿ. ಎಂಬ ಮಾತನ್ನು ನಂಬಬೇಕಾಗಿಲ್ಲ. 65 ಕೆ.ಜಿ. ತೂಗುವ ಮಹಿಳೆ ಮೂರೂಕಾಲು ಕೆ.ಜಿ. ಇಳಿಸಿದರೂ ಅದು ಶೇಕಡಾ 5. ಅಷ್ಟರಲ್ಲಿಯೇ ರಕ್ತದೊತ್ತಡ, ಸಕ್ಕರೆ ಸುಧಾರಿಸತೊಡಗುತ್ತವೆ.

ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದಲ್ಲಿ ಭಾಗವಹಿಸಿದವರ ಪೈಕಿ ಮೂರನೇ ಎರಡು ಭಾಗ ಮಹಿಳೆಯರು. ಶೇಕಡಾ 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ವ್ಯಾಯಾಮ ಎಂಬ ಗುರಿ ಇಟ್ಟುಕೊಂಡ ತಂಡದಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ನಮಗೆ ಇನ್ನೂ ಹತ್ತಿರವಾದದ್ದು ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿ ಆಹಾರ ಮತ್ತು ನಡಿಗೆಯ ಬದಲಾವಣೆಯಿಂದ ಕಾಯಿಲೆ ಬರುವುದು ಶೇಕಡಾ 28.5ರಷ್ಟು ತಗ್ಗಿತು. ಸ್ವಾರಸ್ಯವೆಂದರೆ ಆ ತಂಡದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕದ ಯಂತ್ರದ ಮುಳ್ಳು ಅಲುಗಾಡಲಿಲ್ಲವೆಂದು ಎರಡನೆಯ ತಿಂಗಳಿಗೇ ನಿರಾಶರಾಗಿ ಕೈಬಿಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ವ್ಯಾಯಾಮವೊಂದರಿಂದಲೇ ತೂಕ ಇಳಿಸುವುದು ಕಷ್ಟ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 120 ಕಿಲೋ ಕ್ಯಾಲೊರಿ. ಒಂದು ಎಗ್ ಪಫ್ ಅದನ್ನು ಅಳಿಸಿ ಮಿಗುತ್ತದೆ. ಆದರೂ ವ್ಯಾಯಾಮ ಬೇಕೇ ಬೇಕು. ಊಟ ಮಾತ್ರ ಕಡಿಮೆ ಮಾಡಿದಾಗ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಇಳಿದ ತೂಕ ಮರಳಿ ಬಾರದಂತೆ ತಡೆಯುವಲ್ಲಿ ನಡಿಗೆಯ ಪಾತ್ರ ದೊಡ್ಡದು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಶ್ರಮ ಕೊಡಬೇಕು. ಇದಕ್ಕೆ ಜಿಮ್ ಅನಿವಾರ್ಯವಲ್ಲ: ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯೂರಿ ಮೈ ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು ಸಾಕು. (ಜಿಮ್ ಮತ್ತು ಯೋಗ ಕೇಂದ್ರಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಆದರೆ ಹೂಡುವಳಿ ತೆರಿಗೆ ಜಮೆ ಇಲ್ಲ ಎಂಬುದನ್ನು ಆ ವ್ಯವಹಾರದಲ್ಲಿರುವ ಸದಸ್ಯರು ಗಮನಿಸಬೇಕು.)

ಸಮಯ ಮತ್ತು ಸ್ಥಳದ ಪ್ರಶ್ನೆ ಮಾತ್ರ ನಿಜವಾದದ್ದು. ನಸುಕಿನಲ್ಲಿ ಎದ್ದು, ಅಡುಗೆ ಮುಗಿಸಿ, ಮಕ್ಕಳನ್ನು ಸಿದ್ಧಪಡಿಸಿ ವ್ಯಾನು ಹಿಡಿಯುವ ಹೆಣ್ಣುಮಗಳಿಗೆ ‘ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಮಾಡಮ್ಮ’ ಎನ್ನುವುದು ಸುಲಭ. ಕತ್ತಲಲ್ಲಿ ಲಾರಿಗಳು ನುಗ್ಗುವ ನೆಲಮಂಗಲದ ಹೆದ್ದಾರಿಯಲ್ಲಾಗಲಿ ಹೊಸಕೋಟೆಯ ರಸ್ತೆಯಲ್ಲಾಗಲಿ ಆಕೆ ಎಲ್ಲಿ ನಡೆಯಬೇಕು? ನನ್ನ ಅಭಿಪ್ರಾಯದಲ್ಲಿ ಅವಳಿಗೆ ಅತ್ಯಂತ ಸುರಕ್ಷಿತವಾದ ನಡಿಗೆಯ ಜಾಗ ನಮ್ಮ ಕಾರ್ಖಾನೆಯ ಕಾಂಪೌಂಡಿನೊಳಗೇ ಇದೆ.

ಪುಡಿ, ಚುಚ್ಚುಮದ್ದು, ಪ್ರಕೃತಿ ಚಿಕಿತ್ಸೆ

ತೂಕ ಇಳಿಸುವುದೇ ಒಂದು ದೊಡ್ಡ ವ್ಯಾಪಾರವಾಗಿದೆ. ನಮ್ಮ ಸದಸ್ಯರಲ್ಲಿಯೂ ಪುಡಿ, ಚಹಾ, ಕಷಾಯ, ಬೆಲ್ಟುಗಳನ್ನು ಮಾರುವವರು ಇರಬಹುದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆ, 1954ರ ಅನುಸೂಚಿಯಲ್ಲಿ ಬೊಜ್ಜು ಕೂಡ ಸೇರಿದೆ. ಅಂದರೆ ಬೊಜ್ಜನ್ನು ಗುಣಪಡಿಸುವ ಔಷಧವೆಂದು ಜಾಹೀರಾತು ನೀಡುವುದೇ ಅಪರಾಧ. ಅಂಗಡಿಯ ಮುಂದೆ ಫಲಕ ತೂಗುಹಾಕುವ ಮುನ್ನ ಇದನ್ನು ನೆನಪಿಡಬೇಕು.

2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ಎಂಬ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಇವುಗಳಿಂದ ತೂಕ ಇಳಿಯುವುದು ನಿಜ. ನಿಲ್ಲಿಸಿದರೆ ಬಹುತೇಕರಲ್ಲಿ ಮರಳುವುದೂ ನಿಜ. ಇವು ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡತಕ್ಕ ಔಷಧಗಳು.

ತುಮಕೂರು ರಸ್ತೆಯಲ್ಲಿ 1979ರಿಂದ ನಡೆಯುತ್ತಿರುವ ಜಿಂದಾಲ್ ಪ್ರಕೃತಿ ಚಿಕಿತ್ಸಾ ಕೇಂದ್ರ, 2022ರ ಸೆಪ್ಟೆಂಬರ್‌ನಲ್ಲಿ ನೆಲಮಂಗಲದ ಬಳಿ ಉದ್ಘಾಟನೆಗೊಂಡ ಕ್ಷೇಮವನ ಇವುಗಳಿಗೆ ದೂರದೂರದಿಂದ ಜನ ಬರುತ್ತಾರೆ. ಅಲ್ಲಿನ ಮಿತಾಹಾರ, ಯೋಗ, ನಡಿಗೆಯ ಶಿಸ್ತು ಉತ್ತಮವಾದದ್ದೇ. ಆದರೆ ಅಲ್ಲಿ ಅಡುಗೆ ಮಾಡುವವರು ಬೇರೆ, ಮನೆಗೆಲಸ ಇಲ್ಲ, ಪಾಳಿ ಇಲ್ಲ. ಮನೆಗೆ ಮರಳಿದ ಮೇಲೆ ಶಿಸ್ತು ಉಳಿಯುತ್ತದೆಯೇ ಎಂಬುದೇ ಪ್ರಶ್ನೆ. ಹೊಲಿಗೆ ಯಂತ್ರದ ಮಹಿಳೆಗೆ ರಜೆಯೂ ಇಲ್ಲ, ಹಣವೂ ಇಲ್ಲ.

ಕಾರ್ಖಾನೆಯಲ್ಲಿ ಏನು ಸಾಧ್ಯ

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಕ್ಯಾಂಟೀನಿನ ಮಿತಿಯನ್ನು ಹಿಂದಿನ ಕಾರ್ಖಾನೆಗಳ ಕಾಯಿದೆಯ 250ರಿಂದ 100 ಕೆಲಸಗಾರರಿಗೆ ಇಳಿಸಿದೆ. ಗುತ್ತಿಗೆ ಕಾರ್ಮಿಕರೂ ಈ ಲೆಕ್ಕಕ್ಕೆ ಸೇರುತ್ತಾರೆ. ಡಾಬಸ್‌ಪೇಟೆ, ಸೋಂಪುರ, ದೊಡ್ಡಬಳ್ಳಾಪುರಗಳ ಅನೇಕ ಮಧ್ಯಮ ಘಟಕಗಳು ಹೊಸದಾಗಿ ಅಡುಗೆಮನೆ ಕಟ್ಟಬೇಕಾದೀತು. ಹೇಗೂ ಗುತ್ತಿಗೆ ಬರೆಯುವಾಗ ಕೆಲವು ಷರತ್ತುಗಳನ್ನು ಸೇರಿಸಬಹುದು: ಚಹಾಕ್ಕೆ ಸಕ್ಕರೆ ಪ್ರತ್ಯೇಕವಾಗಿರಲಿ, ತಿಂಗಳಿಗೆ ಬಳಸಿದ ಎಣ್ಣೆಯ ಪ್ರಮಾಣ ದಾಖಲಾಗಲಿ, ದಿನವೂ ಒಂದು ಸೊಪ್ಪು, ಒಂದು ಕಾಳು ಇರಲಿ, ವಾರಕ್ಕೆ ಮೂರು ದಿನ ಅನ್ನದ ಪಾಲು ತಗ್ಗಿಸಿ ಮುದ್ದೆ ಬಡಿಸಲಿ.

ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಕಾಂಪೌಂಡಿನಲ್ಲಿ ನಡೆಯಲು, ಬೆಳಿಗ್ಗೆ ಮತ್ತು ಸಂಜೆ ಐದೈದು ನಿಮಿಷ ಎದ್ದು ಮೈ ಸಡಿಲಿಸಲು ಅವಕಾಶ ಕೊಟ್ಟರೆ ವಾರಕ್ಕೆ ಆರು ದಿನದಲ್ಲಿ 120 ನಿಮಿಷವಾಗುತ್ತದೆ. ಉತ್ಪಾದನೆಯ ಗುರಿಗೆ ಧಕ್ಕೆ ಬಂದೀತೆಂದು ಆತಂಕಪಡುವ ಮೇಲ್ವಿಚಾರಕರು ಬೆನ್ನುನೋವು, ಮಂಡಿನೋವಿನ ರಜೆಗಳನ್ನೂ ಅದೇ ಪುಸ್ತಕದಲ್ಲಿ ಬರೆದು ನೋಡಲಿ. ಶೌಚಾಲಯಕ್ಕೆ ಹೋಗಲು ಸಂಕೋಚಪಟ್ಟು ನೀರು ಕುಡಿಯದಿರುವ ಹೆಂಗಸರು ಎಷ್ಟು ಮಂದಿ ಎಂಬುದನ್ನು ಯಾರಾದರೂ ಮಹಿಳಾ ಸಿಬ್ಬಂದಿಯ ಮೂಲಕ ವಿಚಾರಿಸುವುದೂ ಅಗತ್ಯ.

ತೂಕ ಇಳಿಸಲು ಹೊರಡುವ ಮೊದಲು ಇ.ಎಸ್.ಐ. ಚಿಕಿತ್ಸಾಲಯದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಪರೀಕ್ಷೆ ಆಗಲಿ. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಈ ಪ್ರಯತ್ನಕ್ಕೆ ಇಳಿಯಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ತೂಕ, ಸೊಂಟದ ಅಳತೆಗಳನ್ನು ತೆಗೆಯುವುದಾದರೆ ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ ತೆಗೆಯಬೇಕು, ಬರೆದಿಟ್ಟ ಪುಸ್ತಕ ಆಯಾ ಮಹಿಳೆಯ ಕೈಯಲ್ಲಿಯೇ ಇರಬೇಕು. ಅದು ಸೂಚನಾ ಫಲಕಕ್ಕೆ ಬರಬಾರದು, ಬೋನಸ್ಸಿನ ಲೆಕ್ಕಕ್ಕಂತೂ ಖಂಡಿತ ಬರಬಾರದು.