ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂಡಿಸುವ ಕಸುಬು

ಕಲಬುರಗಿಯಿಂದ ಜೇವರ್ಗಿಗೆ ಸುಮಾರು 40 ಕಿ.ಮೀ. ದಾರಿ. ಕಟ್ಟಿ ಸಂಗಾವಿಯಲ್ಲಿ ಭೀಮೆಯನ್ನು ದಾಟಬೇಕು. ಆಳಂದವೂ ಹೆಚ್ಚುಕಡಿಮೆ ಅಷ್ಟೇ ದೂರ. ಅಫಜಲಪುರ ಇನ್ನೂ ಆಚೆ. ಲೀಟರಿಗೆ 8 ಕಿ.ಮೀ. ಓಡುವ ಹಳೆಯ ಪೆಟ್ರೋಲ್ ಜೀಪು ಜೇವರ್ಗಿ ಮುಟ್ಟಲು 5 ಲೀಟರ್ ಕುಡಿಯುತ್ತದೆ. ಅದೇ ಜೀಪಿಗೆ ಡೀಸೆಲ್ ಎಂಜಿನ್ ಇದ್ದು ಲೀಟರಿಗೆ 12 ಕಿ.ಮೀ. ಓಡಿದರೆ ಮೂರೂಕಾಲು ಲೀಟರಿಗಿಂತ ಚೂರು ಹೆಚ್ಚು ಸಾಕು. ಅದರ ಮೇಲೆ, 2014ರ ಅಕ್ಟೋಬರ್‌ವರೆಗೆ ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. ಪೆಟ್ರೋಲಿಗಿಂತ ಬಹಳ ಅಗ್ಗವಾಗಿಯೇ ಸಿಗುತ್ತಿತ್ತು. ಹಳ್ಳಿಯಿಂದ ತಾಲ್ಲೂಕಿಗೆ, ಸಂತೆಗೆ, ಗಾಣಗಾಪುರದ ಹುಣ್ಣಿಮೆಗೆ ಜನರನ್ನು ತುಂಬಿಕೊಂಡು ಓಡುವ ಗಾಡಿಯ ಮಾಲೀಕನಿಗೆ ಈ ಎರಡು ಉಳಿತಾಯ ಸೇರಿದರೆ ತಿಂಗಳ ಕೊನೆಗೆ ದೊಡ್ಡ ಮೊತ್ತ. ಹೊಸ ಡೀಸೆಲ್ ಗಾಡಿ ಕೊಳ್ಳುವಷ್ಟು ದುಡ್ಡಿಲ್ಲ. ಇರುವ ಗಾಡಿಯ ಚಾಸಿ, ಬಾಡಿ ಇನ್ನೂ ಗಟ್ಟಿ. ಹಾಗಿದ್ದಾಗ ಎಂಜಿನ್ ಒಂದನ್ನೇ ಬದಲಿಸುವ ದಾರಿ ಹುಟ್ಟಿತು. ಆ ಕೆಲಸ ಮಾಡುವವನು ಗ್ಯಾರೇಜಿನ ಮಿಸ್ತ್ರಿ.

ಡೀಸೆಲ್ ಎಂಜಿನ್ ಕಡಿಮೆ ಕುಡಿಯುವುದೇಕೆ ಎಂಬುದು ತಿಳಿದರೆ ಮುಂದಿನ ಕೆಲಸವೆಲ್ಲ ಅರ್ಥವಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಹಬೆ ಕಾರ್ಬ್ಯುರೇಟರಿನಲ್ಲೇ ಬೆರೆತು ಸಿಲಿಂಡರಿಗೆ ಹೋಗುತ್ತವೆ. ಪಿಸ್ಟನ್ ಆ ಮಿಶ್ರಣವನ್ನು ಏಳೆಂಟರಲ್ಲಿ ಒಂದು ಪಾಲಿಗೆ ಒತ್ತುತ್ತದೆ, ಪ್ಲಗ್ ಕಿಡಿ ಹಾರಿಸುತ್ತದೆ. 1890ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ರೂಪಿಸಿದ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಬರೀ ಗಾಳಿಯನ್ನು ಒತ್ತುತ್ತಾರೆ. ಇಲ್ಲಿ ಹೇಳುತ್ತಿರುವ ಹಳೆಯ ಕಾರು, ಜೀಪುಗಳ ಎಂಜಿನ್ನುಗಳಲ್ಲಿ ಆ ಒತ್ತುವಿಕೆ ಇಪ್ಪತ್ತರಲ್ಲಿ ಒಂದು ಪಾಲಿನ ಆಸುಪಾಸಿಗೆ ಹೋಗುತ್ತದೆ. ಹಾಗೆ ಒತ್ತಿದ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೆಚ್ಚು ಒತ್ತಿದಷ್ಟೂ ಉರಿಯ ಶಕ್ತಿಯಲ್ಲಿ ಹೆಚ್ಚಿನ ಪಾಲು ಕೆಲಸಕ್ಕೆ ಒದಗುತ್ತದೆ. ನಿಧಾನವಾಗಿ ಓಡುವಾಗ ಗಾಳಿಯ ದಾರಿಯನ್ನು ಮುಚ್ಚಿ ಎಂಜಿನ್ನಿಗೆ ಉಸಿರು ಕಟ್ಟಿಸುವ ಅಗತ್ಯವೂ ಬಹುಮಟ್ಟಿಗೆ ಇಲ್ಲ. ಡೀಸೆಲ್ ಕಡಿಮೆ ಬಿಟ್ಟರಾಯಿತು. ಜೊತೆಗೆ, ಒಂದು ಲೀಟರ್ ಡೀಸೆಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಅಡಗಿದೆ.

ಈ ಲಾಭಕ್ಕೆ ತೂಕದ ರೂಪದಲ್ಲಿ ಬೆಲೆ ತೆರಬೇಕು. ಅಷ್ಟು ಒತ್ತಡ ತಡೆಯಲು ಬ್ಲಾಕು, ಹೆಡ್ಡು, ಕ್ರ್ಯಾಂಕ್, ಬೇರಿಂಗು ಎಲ್ಲವೂ ದಪ್ಪ. ಎಂಜಿನ್ ಭಾರ, ನಡುಕ ಜಾಸ್ತಿ, ತಿರುಗುವ ವೇಗ ಕಡಿಮೆ. ಹಗುರ ಎಂಜಿನ್ನಿಗೆಂದು ಮಾಡಿದ ಗಾಡಿಯಲ್ಲಿ ಈ ಭಾರದ ಎಂಜಿನ್ನನ್ನು ಹೊಂದಿಸುವುದೇ ಕಸುಬು. ಎಂಜಿನ್ ಎತ್ತಿ ಇಳಿಸುವುದು ಅದರಲ್ಲಿ ಚಿಕ್ಕ ಭಾಗ.

ಮೊದಲ ಪ್ರಶ್ನೆ, ಯಾವ ಗಾಡಿಗೆ ಯಾವ ಎಂಜಿನ್? ಎಲ್ಲಕ್ಕಿಂತ ಸುಲಭದ ಜೋಡಿ ಅಂಬಾಸಿಡರಿನದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದ ಈ ಕಾರಿಗೆ ದಶಕಗಳ ಕಾಲ 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್ ಇತ್ತು. 1980ರ ಹೊತ್ತಿಗೆ ಹಿಂದೂಸ್ತಾನ್ ಮೋಟಾರ್ಸ್ ಅದೇ ಕಾರನ್ನು ಡೀಸೆಲ್ ಎಂಜಿನ್ನಿನೊಂದಿಗೆ ಮಾರತೊಡಗಿತು. ಅದೂ 1489 ಸಿ.ಸಿ.ಯದೇ, ಪೆಟ್ರೋಲ್ ಎಂಜಿನ್ನಿನ ವಂಶದ್ದೇ. ಅಂದರೆ ಯಾವ ಭಾಗ ಎಲ್ಲಿ ಕೂಡಬೇಕೆಂಬುದನ್ನು ಕಂಪನಿಯೇ ಮೊದಲು ಬಿಡಿಸಿಟ್ಟಿತ್ತು. ಗುಜರಿಗೆ ಬಂದ ಡೀಸೆಲ್ ಅಂಬಾಸಿಡರಿನಿಂದ ಎಂಜಿನ್, ಗೇರ್ ಬಾಕ್ಸ್, ರೇಡಿಯೇಟರ್, ಫೌಂಡೇಶನ್ ಸಮೇತ ತಂದರೆ ಮಿಸ್ತ್ರಿ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಎಂಜಿನ್ ಚಾಸಿಯ ಮೇಲೆ ಕೂಡುವ ಕಬ್ಬಿಣದ ಕಾಲು ಮತ್ತು ಅದರ ಕೆಳಗಿನ ದಪ್ಪ ರಬ್ಬರು ಸೇರಿ ಗ್ಯಾರೇಜಿನ ಮಾತಿನಲ್ಲಿ ಫೌಂಡೇಶನ್.

ಜೀಪಿನ ಕತೆ ಬೇರೆ. ಮಹೀಂದ್ರದ ಹಳೆಯ ಜೀಪಿಗೆ ಸುಮಾರು 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್. 1970ರ ದಶಕದಲ್ಲಿ ಕಂಪನಿಯೇ ತನ್ನ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು ಜೀಪಿಗೆ ಹಾಕಿತು, ಮುಂದೆ ಪ್ಯೂಜೊ ವಿನ್ಯಾಸದ ಎಂಜಿನ್ ತಂದಿತು. ತೊಗರಿ, ಜೋಳದ ಎರೆ ಹೊಲಗಳ ಸೀಮೆಯ ಮಿಸ್ತ್ರಿಗಳಿಗೆ ಡೀಸೆಲ್ ಹೊಸದಲ್ಲ. ನೀರೆತ್ತುವ ಪಂಪಿನ ಎಂಜಿನ್ನು, ಟ್ರ್ಯಾಕ್ಟರು ಎರಡೂ ಅವರ ಕೈಯಲ್ಲಿ ಪಳಗಿದ್ದವೇ. ಮ್ಯಾಟಡೋರ್ ಮತ್ತು ಟ್ರ್ಯಾಕ್ಸ್ ಗಾಡಿಗಳಿಗೆ ಬಜಾಜ್ ಟೆಂಪೊ ಕಂಪನಿ ಹಾಕುತ್ತಿದ್ದ, ಮರ್ಸಿಡಿಸ್ ವಿನ್ಯಾಸದ 2.4 ಲೀಟರ್ ಎಂಜಿನ್ನನ್ನೂ ಜೀಪಿಗೆ ಕೂಡಿಸುತ್ತಾರೆ. ಇಲ್ಲಿ ಎಂಜಿನ್ ಒಂದು ಕಂಪನಿಯದು, ಗೇರ್ ಬಾಕ್ಸ್ ಇನ್ನೊಂದರದು. ಒಂದರ ಬೋಲ್ಟಿನ ತೂತು ಇನ್ನೊಂದಕ್ಕೆ ಹೊಂದುವುದಿಲ್ಲ. ಮಿಸ್ತ್ರಿಯ ನಿಜವಾದ ಪರೀಕ್ಷೆ ಇದು.

ಹಳೆಯ ಎಂಜಿನ್ ಇಳಿಸುವುದು ಅರ್ಧ ದಿನದ ಕೆಲಸ. ಬ್ಯಾಟರಿ ವೈರು ಬಿಚ್ಚಿ, ನೀರು, ಆಯಿಲ್ ಖಾಲಿ ಮಾಡಿ, ರೇಡಿಯೇಟರ್, ಸೈಲೆನ್ಸರ್ ಪೈಪು ತೆಗೆದು, ಚೈನ್ ಪುಲ್ಲಿ ಕಟ್ಟಿ ಎತ್ತುತ್ತಾರೆ. ಬಿಚ್ಚಿದ ಬೋಲ್ಟುಗಳನ್ನು ಯಾವುದು ಎಲ್ಲಿಯದೆಂದು ಬೇರೆ ಬೇರೆ ಡಬ್ಬಿಗೆ ಹಾಕಿಡುವ ಹುಡುಗನನ್ನು ನೋಡಿದರೆ ಆ ಗ್ಯಾರೇಜಿನ ಶಿಸ್ತು ತಿಳಿಯುತ್ತದೆ.

ಆಮೇಲೆ ಬರುವುದು ಪ್ಲೇಟಿನ ಕೆಲಸ. ಎಂಜಿನ್ನಿನ ಹಿಂಬದಿಗೂ ಗೇರ್ ಬಾಕ್ಸಿನ ಮುಂದಿರುವ ಗಂಟೆಯಾಕಾರದ ಬೆಲ್ ಹೌಸಿಂಗಿಗೂ ನಡುವೆ ಒಂದು ದಪ್ಪ ಉಕ್ಕಿನ ಪ್ಲೇಟು ಬೇಕು. ಅದರ ಒಂದು ವರಸೆಯ ತೂತುಗಳು ಎಂಜಿನ್ನಿಗೆ, ಇನ್ನೊಂದು ವರಸೆಯವು ಗೇರ್ ಬಾಕ್ಸಿಗೆ. ಅಳತೆ ತೆಗೆಯುವ ಬಗೆ ಸರಳ. ದಪ್ಪ ಕಾಗದವನ್ನು ಹೌಸಿಂಗಿನ ಬಾಯಿಗೆ ಹಿಡಿದು, ಅಂಚಿನ ಗುಂಟ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಅಂಚಿನ ಗೆರೆ, ತೂತಿನ ಗುರುತು ಕಾಗದದ ಮೇಲೆ ಮೂಡುತ್ತವೆ. ಅದನ್ನು ಪ್ಲೇಟಿನ ಮೇಲಿಟ್ಟು ಗೀರಿ, ಕೊರೆದು, ನಡುವಿನ ದೊಡ್ಡ ಗುಂಡು ರಂಧ್ರವನ್ನು ಲೇತಿನಲ್ಲಿ ತೆಗೆಯುತ್ತಾರೆ.

ಆದರೆ ಕಾಗದದ ಅಳತೆಯನ್ನು ನಂಬಿ ಬೋಲ್ಟು ಬಿಗಿದುಬಿಡುವವನು ಒಳ್ಳೆಯ ಮಿಸ್ತ್ರಿಯಲ್ಲ. ಕ್ರ್ಯಾಂಕಿನ ನಡುಗೆರೆ ಮತ್ತು ಗೇರ್ ಬಾಕ್ಸಿನ ಶಾಫ್ಟಿನ ನಡುಗೆರೆ ಒಂದೇ ನೇರದಲ್ಲಿ ಇರಬೇಕು. ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದ ಓರೆಯೂ ಇಲ್ಲಿ ದೊಡ್ಡ ತಪ್ಪು. ಇದನ್ನು ನೋಡಲು ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಅದರ ಮೊನೆಯನ್ನು ಹೌಸಿಂಗಿನ ಗುಂಡು ರಂಧ್ರದ ಒಳಗೋಡೆಗೆ ತಾಗಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತಾರೆ. ಮುಳ್ಳು ಎಲ್ಲಿ ಎಷ್ಟು ಸರಿಯಿತೆಂದು ನೋಡಿ, ಪ್ಲೇಟನ್ನು ಅಷ್ಟು ಸರಿಸಿ, ಮತ್ತೆ ತಿರುಗಿಸಿ, ಮತ್ತೆ ನೋಡುತ್ತಾರೆ. ಮುಳ್ಳು ಬಹುತೇಕ ಅಲುಗದ ಜಾಗ ಸಿಕ್ಕ ಮೇಲೆ ಅಲ್ಲಿ ಗೂಟದ ಪಿನ್ನು ಹೊಡೆದು ಭದ್ರ ಮಾಡುತ್ತಾರೆ. ಈ ತಾಳ್ಮೆ ಇಲ್ಲದೆ ಕೂಡಿಸಿದ ಗಾಡಿ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ಕೆಲವು ತಿಂಗಳಲ್ಲಿ ಕ್ಲಚ್ ನಡುಗತೊಡಗುತ್ತದೆ, ಗೇರು ತಾನಾಗಿ ಜಾರುತ್ತದೆ, ಶಾಫ್ಟಿನ ಬೇರಿಂಗು ಹೋಗುತ್ತದೆ.

ಪ್ಲೇಟು ದಪ್ಪವಿದ್ದಷ್ಟೂ ಗೇರ್ ಬಾಕ್ಸ್ ಹಿಂದೆ ಸರಿಯುತ್ತದೆ. ಆಗ ಶಾಫ್ಟಿನ ತುದಿ ಕ್ರ್ಯಾಂಕಿನ ಹಿಂದಿರುವ ಪೈಲಟ್ ಬುಷ್‌ವರೆಗೆ ಮುಟ್ಟುವುದಿಲ್ಲ. ಲೇತಿನವನು ಹಿತ್ತಾಳೆಯಂಥ ಲೋಹದಲ್ಲಿ ಉದ್ದನೆಯ ಹೊಸ ಬುಷ್ ತಿರುವಿ ಕೊಡುತ್ತಾನೆ. ಕ್ಲಚ್ ಪ್ಲೇಟಿನ ಹಲ್ಲು ಗೇರ್ ಬಾಕ್ಸಿನದು, ಅಗಲ ಎಂಜಿನ್ನಿನದು. ಎರಡೂ ಕೂಡಿದ ಪ್ಲೇಟು ಅಂಗಡಿಯಲ್ಲಿ ಸಿಗದಿದ್ದರೆ ಒಂದರ ನಡುವನ್ನು ಇನ್ನೊಂದಕ್ಕೆ ರಿವೆಟ್ ಹೊಡೆದು ಕೂಡಿಸುತ್ತಾರೆ.

ಇನ್ನು ಇಂಧನದ ದಾರಿ. ಪೆಟ್ರೋಲ್ ಗಾಡಿಯಲ್ಲಿ ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಒಂದೇ ಪೈಪು. ಡೀಸೆಲ್ ಎಂಜಿನ್ನಿಗೆ ಎರಡು ಬೇಕು, ಏಕೆಂದರೆ ಡೀಸೆಲನ್ನು ಒತ್ತಿ ತಳ್ಳುವ ಪಂಪು ಮತ್ತು ಅದನ್ನು ಸಿಲಿಂಡರಿಗೆ ಸಿಂಪಡಿಸುವ ನಾಝಲುಗಳಲ್ಲಿ ಉಳಿದ ಡೀಸೆಲ್ ಟ್ಯಾಂಕಿಗೆ ಮರಳಬೇಕು. ಹಾಗಾಗಿ ಟ್ಯಾಂಕಿಗೆ ಇನ್ನೊಂದು ಮೂತಿ ಬೆಸೆಯಬೇಕು. ಖಾಲಿ ಪೆಟ್ರೋಲ್ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಒಳಗೆ ಉಳಿದ ಹಬೆಗೆ ಬೆಂಕಿ ತಾಗಿದರೆ ಸಿಡಿಯುತ್ತದೆ. ತಿಳಿದವರು ಅದನ್ನು ಹಲವು ಸಲ ತೊಳೆದು, ಬೆಸೆಯುವ ಜಾಗವಷ್ಟೇ ಮೇಲುಳಿಯುವಂತೆ ನೀರು ತುಂಬಿ, ಆಮೇಲೆ ಬೆಂಕಿ ಮುಟ್ಟಿಸುತ್ತಾರೆ. ನಂತರ ಒಣಗಿಸಿ, ಡೀಸೆಲಿನಿಂದ ಜಾಲಿಸುತ್ತಾರೆ. ಒಂದು ಹನಿ ನೀರೂ ಉಳಿಯಬಾರದು.

ಅಷ್ಟು ಎಚ್ಚರ ಏಕೆಂದರೆ ಮುಂದಿರುವುದು ಪಂಪು. ಅದರೊಳಗಿನ ಉಕ್ಕಿನ ಕಡ್ಡಿಗೂ ಅದು ಆಡುವ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ ಮಾತ್ರ. ಅಲ್ಲಿ ಜಾರಿಸುವ ಎಣ್ಣೆ ಡೀಸೆಲೇ. ನೀರು, ಮಣ್ಣು ಬಂದರೆ ಕಚ್ಚಿಕೊಳ್ಳುತ್ತದೆ. ಚದರ ಸೆಂಟಿಮೀಟರಿಗೆ ನೂರು ಕಿಲೊ ಮೀರಿದ ಒತ್ತಡದಲ್ಲಿ ಅದು ಡೀಸೆಲನ್ನು ನಾಝಲಿಗೆ ತಳ್ಳುತ್ತದೆ. ಇಷ್ಟು ನಿಖರವಾದ ವಸ್ತುವನ್ನು ನಮ್ಮ ಬೆಂಗಳೂರಿನಲ್ಲೇ ಮಾಡುತ್ತಿದ್ದರು. 1951ರಲ್ಲಿ ಸ್ಥಾಪನೆಯಾದ, ಜನ ಮೈಕೊ ಎಂದೇ ಕರೆದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ ಪೆಟ್ರೋಲ್ ಎಂಜಿನ್ನಿನ ಪ್ಲಗ್ಗನ್ನೂ ಮಾಡಿತು, ಡೀಸೆಲ್ ಎಂಜಿನ್ನಿನ ಪಂಪನ್ನೂ ಮಾಡಿತು. ಈ ಪಂಪನ್ನು ಸಾಮಾನ್ಯ ಗ್ಯಾರೇಜಿನಲ್ಲಿ ಬಿಚ್ಚುವುದಿಲ್ಲ; ಪಂಪು ನಾಝಲುಗಳಿಗೆಂದೇ ಇರುವ ಬೇರೆ ಅಂಗಡಿಗೆ ಕಳಿಸುತ್ತಾರೆ.

ಪಂಪಿನ ಟೈಮಿಂಗ್ ಕೂಡಿಸುವ ಹಳೆಯ ವಿಧಾನ ನೋಡುವಂಥದ್ದು. ಸಾಲು ಪಂಪಿನ ಒಂದನೇ ಮೂತಿಯ ವಾಲ್ವು ತೆಗೆದು, ಅಲ್ಲಿ ಬಾಗಿದ ಸಣ್ಣ ಕೊಳವೆ ಹಾಕುತ್ತಾರೆ. ಟ್ಯಾಂಕಿನ ಡೀಸೆಲ್ ಅದರಿಂದ ಸಣ್ಣ ಧಾರೆಯಾಗಿ ಹರಿಯುತ್ತದೆ. ಮಿಸ್ತ್ರಿ ಮುಂದಿನ ಪುಲ್ಲಿಗೆ ಪಾನಾ ಹಾಕಿ ಎಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ಧಾರೆ ಸಣ್ಣಗಾಗುತ್ತದೆ, ಹನಿಯಾಗುತ್ತದೆ, ಹನಿ ನಿಲ್ಲುತ್ತದೆ. ಪಂಪಿನೊಳಗಿನ ಕಡ್ಡಿ ತೂತನ್ನು ಮುಚ್ಚಿ ತಳ್ಳಲು ತೊಡಗಿದ ಗಳಿಗೆ ಅದು. ಆ ಗಳಿಗೆಯಲ್ಲಿ ಫ್ಲೈವೀಲಿನ ಗುರುತು ಎಲ್ಲಿದೆ ಎಂದು ನೋಡಬೇಕು. ಪಿಸ್ಟನ್ ತುತ್ತತುದಿ ಮುಟ್ಟುವುದಕ್ಕೆ ಮೊದಲು ಎಷ್ಟು ಡಿಗ್ರಿ ಎಂದು ಆ ಎಂಜಿನ್ನಿಗೆ ಗೊತ್ತುಮಾಡಿದೆಯೋ ಅಷ್ಟೇ ಇರಬೇಕು. ಬೇಗ ಬಿದ್ದರೆ ಎಂಜಿನ್ ಬಡಿಯುತ್ತದೆ, ತಡವಾದರೆ ಹೊಗೆಯುಗುಳಿ ಕಾಯುತ್ತದೆ. ಒಂದು ಹನಿ ನಿಂತಿತೋ ಇಲ್ಲವೋ ಎಂಬುದರ ಮೇಲೆ ಗಾಡಿಯ ಹಣೆಬರಹ.

ಉಳಿದವು ಸಣ್ಣ ಕೆಲಸಗಳು, ಆದರೆ ಮರೆತರೆ ಗಾಡಿ ನಡೆಯದು. ಕಿಡಿ ಇಲ್ಲದ ಎಂಜಿನ್ನನ್ನು ಚಾವಿ ತಿರುಗಿಸಿ ನಿಲ್ಲಿಸಲಾಗದು. ಡೀಸೆಲ್ ಕಟ್ ಮಾಡುವ ಒಂದು ಸ್ಟಾಪ್ ವೈರನ್ನು ಡ್ರೈವರಿನ ಕೈಗೆ ತರಬೇಕು. ತಣ್ಣಗಿರುವಾಗ ಚಾಲೂ ಮಾಡಲು ಪ್ರತಿ ಸಿಲಿಂಡರಿಗೂ ಹೀಟರ್ ಪ್ಲಗ್ ಬೇಕು. ಹಳೆಯ ಮಾದರಿಗಳಲ್ಲಿ ಇವು ಜಾತ್ರೆಯ ದೀಪದ ಸರದಂತೆ ಒಂದರ ಹಿಂದೊಂದು ಕೂಡಿರುತ್ತವೆ, ಒಂದು ಸುಟ್ಟರೆ ಎಲ್ಲವೂ ತಣ್ಣಗೆ. ಒತ್ತಡ ಮೀರಿ ತಿರುಗಿಸಲು ದೊಡ್ಡ ಸೆಲ್ಫು, ದೊಡ್ಡ ಬ್ಯಾಟರಿ ಬೇಕು. ಹಳೆಯ ಜೀಪಿನ ವೈಪರು ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವ ಬಲದಿಂದ ಆಡುತ್ತಿತ್ತು. ಆ ಎಳೆತ ಡೀಸೆಲಿನಲ್ಲಿ ಸಿಗದ ಕಾರಣ ಕರೆಂಟಿನ ಮೋಟರು ಹಾಕುತ್ತಾರೆ. ಭಾರಕ್ಕೆ ಮುಂಭಾಗ ಕುಗ್ಗದಂತೆ ಜೀಪಿನ ಪಾಟಾಕ್ಕೆ, ಅಂದರೆ ಪಟ್ಟಿಗಳ ಸ್ಪ್ರಿಂಗಿಗೆ, ಇನ್ನೊಂದು ಪಟ್ಟಿ ಸೇರಿಸುತ್ತಾರೆ. ಹಳೆಯ ಅಂಬಾಸಿಡರಿನಲ್ಲಾದರೆ ಮುಂದಿನ ಟಾರ್ಶನ್ ಬಾರನ್ನು ಮತ್ತೆ ಹೊಂದಿಸುತ್ತಾರೆ.

ಹಿಂದಿನ ಆಕ್ಸಲಿನ ಲೆಕ್ಕವನ್ನೂ ಮಾಡಬೇಕು. ಹಳೆಯ ಜೀಪಿನ ಕ್ರೌನ್-ಪಿನಿಯನ್ 5.38ರದು, ಅಂದರೆ ಎಂಜಿನ್ 5.38 ಸುತ್ತು ತಿರುಗಿದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು. ನಿಮಿಷಕ್ಕೆ 3000 ಸುತ್ತಿನಲ್ಲಿ ಗಾಡಿಯ ವೇಗ ಗಂಟೆಗೆ 70ರಿಂದ 75 ಕಿ.ಮೀ. ಪೆಟ್ರೋಲ್ ಎಂಜಿನ್ ಅದರ ಮೇಲೂ ಸಲೀಸಾಗಿ ಏರುತ್ತದೆ. ಡೀಸೆಲ್ ಅಲ್ಲಿಗೇ ಗದ್ದಲ ಮಾಡತೊಡಗುತ್ತದೆ, ಉಳಿತಾಯವೂ ಕರಗುತ್ತದೆ. ಹೆದ್ದಾರಿಯಲ್ಲೇ ಹೆಚ್ಚು ಓಡುವ ಗಾಡಿಗೆ ಇದಕ್ಕಿಂತ ಕಡಿಮೆ ಅಂಕಿಯ ಕ್ರೌನ್ ಹಾಕುವುದು ಲೇಸು. ಮಳೆಗಾಲದ ಎರೆ ಮಣ್ಣಿನಲ್ಲಿ ಹೊಲದ ದಾರಿ ಹಿಡಿಯುವ ಗಾಡಿಗೆ ಹಳೆಯದೇ ಇರಲಿ.

ಕೊನೆಗೆ ಏರ್ ತೆಗೆಯುವುದು. ಪೈಪಿನಲ್ಲಿ ಗಾಳಿಯ ಗುಳ್ಳೆ ಉಳಿದರೆ ಪಂಪು ಅದನ್ನೇ ಒತ್ತುತ್ತದೆ, ನಾಝಲು ತೆರೆಯುವುದಿಲ್ಲ. ಈ ಕಡೆ ‘ಗಾಡಿ ಏರ್ ಹಿಡದದ’ ಅನ್ನುವುದು ಇದಕ್ಕೇ. ಫಿಲ್ಟರಿನ ತಿರುಪು ಸಡಿಲಿಸಿ ಕೈಪಂಪು ಒತ್ತುತ್ತಾರೆ. ನೊರೆ ಬರುತ್ತದೆ, ಗುಳ್ಳೆ ಬರುತ್ತವೆ, ಆಮೇಲೆ ತಿಳಿ ಡೀಸೆಲ್. ತಿರುಪು ಬಿಗಿದು, ನಾಝಲಿನ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆಯುತ್ತಾರೆ. ಅಲ್ಲಿಗೆ ಕೈ ಒಡ್ಡಬಾರದು. ನಾಝಲಿನಿಂದ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗಬಲ್ಲದು. ಒಂದೊಂದೇ ನಟ್ಟು ಬಿಗಿಯುತ್ತಾ ಬಂದಂತೆ ಸಿಲಿಂಡರುಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ.

ಇಂದು ಈ ಕೆಲಸ ಬಹಳ ಕಡಿಮೆಯಾಗಿದೆ. 2014ರ ನಂತರ ಎರಡು ಇಂಧನಗಳ ಬೆಲೆಯ ಅಂತರ ಕುಗ್ಗಿತು. ಅದೇ ವರ್ಷ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಕಾನೂನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ತಯಾರಕರು ಕೊಟ್ಟ ಮೂಲ ವಿವರ ಬದಲಾಗಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಇಂಧನದ ಹೆಸರು ಗಾಡಿಯಲ್ಲಿರುವುದಕ್ಕೆ ತಾಳೆಯಾಗದಿದ್ದರೆ ವಿಮೆಯ ಹಣ ಕೇಳುವಾಗಲೂ ತೊಡಕು. ಮನೆಯಂಗಳದಲ್ಲಿ ಕೆಎ-32 ನಂಬರಿನ ಹಳೆಯ ಪೆಟ್ರೋಲ್ ಗಾಡಿ ನಿಲ್ಲಿಸಿಕೊಂಡು ಎಂಜಿನ್ ಬದಲಿಸುವ ಯೋಚನೆಯಲ್ಲಿ ಇರುವವರು ಮೊದಲು ಕಲಬುರಗಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅದು ಕೈಗೆ ಬರುವವರೆಗೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ.